ಮಡಚುವ ಚಾಕು: ರಚನೆ, ಕಸುಬು, ಪರೀಕ್ಷೆ

ಅಲಗು ಒಂದು ಕೀಲಿನ ಸುತ್ತ ತಿರುಗಿ ಹಿಡಿಯೊಳಗಿನ ಸಂದಿಗೆ ಸೇರಿಕೊಳ್ಳುವ ಕೈಚಾಕನ್ನು ಮಡಚುವ ಚಾಕು ಎನ್ನುತ್ತಾರೆ. ಒರೆಯ ಅಗತ್ಯವಿಲ್ಲದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ್ದರಿಂದ ಜೇಬುಚಾಕು ಎಂಬ ಹೆಸರೂ ಇದಕ್ಕಿದೆ. ಕಾರ್ಖಾನೆಗಳು ಇಂಥ ಚಾಕುಗಳನ್ನು ಲಕ್ಷಗಟ್ಟಲೆ ತಯಾರಿಸುತ್ತವೆ. ಒಬ್ಬನೇ ಕಸುಬುದಾರ ಗಿರಾಕಿಯ ಬೇಡಿಕೆಯಂತೆ, ಉಕ್ಕಿನ ಪಟ್ಟಿಯಿಂದ ಹಿಡಿದು ಕೊನೆಯ ಮೆರುಗಿನವರೆಗೆ ತನ್ನ ಕೈಯಾರೆ ಮಾಡುವ ಚಾಕನ್ನು ಕಸ್ಟಮ್ ಚಾಕು ಎಂದು ಕರೆಯುವುದು ವಾಡಿಕೆ. ಮಡಚದ ಚಾಕಿನಲ್ಲಿ ಅಲಗು ಮತ್ತು ಹಿಡಿ ಚೆನ್ನಾಗಿದ್ದರೆ ಕೆಲಸ ಮುಗಿಯಿತು. ಮಡಚುವ ಚಾಕಿನಲ್ಲಿ ಇವೆರಡರ ಜೊತೆಗೆ ಚಲಿಸುವ ಒಂದು ಯಂತ್ರವೂ ಸೇರುತ್ತದೆ. ಅದರ ಕೆಲಸಗಾರಿಕೆಯನ್ನು ಅಳೆಯಬೇಕಾದದ್ದು ಕಣ್ಣಿಗೆ ಬೀಳುವ ಅಲಂಕಾರದಿಂದಲ್ಲ, ಕಣ್ಣಿಗೆ ಮರೆಯಾಗಿರುವ ಕೀಲಿನಿಂದ.

ಇತಿಹಾಸ

ಮಡಚುವ ಚಾಕು ಕಬ್ಬಿಣಯುಗದಷ್ಟು ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ದೊರೆತ ಮೂಳೆಯ ಹಿಡಿಯ ಚಾಕು ಕ್ರಿ.ಪೂ. 600-500ರ ಸುಮಾರಿನದು. ರೋಮನ್ನರು ಕಂಚು, ಮೂಳೆ, ದಂತದ ಹಿಡಿಗಳಿರುವ ಮಡಚುವ ಚಾಕುಗಳನ್ನು ಬಳಸುತ್ತಿದ್ದರು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೆಯ ಶತಮಾನದ ಒಂದು ಬೆಳ್ಳಿಯ ಉಪಕರಣವಿದ್ದು, ಚಮಚ, ಫೋರ್ಕ್, ಮೊನೆ, ಕಡ್ಡಿಗಳೊಂದಿಗೆ ಕಬ್ಬಿಣದ ಅಲಗೂ ಒಂದೇ ಹಿಡಿಯಲ್ಲಿ ಮಡಚಿಕೊಳ್ಳುವಂತೆ ಅದನ್ನು ಮಾಡಲಾಗಿದೆ. ಈ ಹಳೆಯ ಚಾಕುಗಳಲ್ಲಿ ಸ್ಪ್ರಿಂಗ್ ಇರುತ್ತಿರಲಿಲ್ಲ. ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುತ್ತಿದ್ದುದು ಕೀಲಿನ ಬಿಗಿ ಮತ್ತು ಬಳಸುವವನ ಹೆಬ್ಬೆರಳು ಮಾತ್ರ.

17ನೆಯ ಶತಮಾನದಲ್ಲಿ ಹಿಡಿಯ ಬೆನ್ನಿನುದ್ದಕ್ಕೂ ಉಕ್ಕಿನ ಸ್ಪ್ರಿಂಗ್ ಕೂರಿಸುವ ಪದ್ಧತಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೇರುಬಿಟ್ಟಿತು. ಅಲ್ಲಿನ ಚಾಕು ತಯಾರಕರ ಸಂಘವಾದ ಹಾಲಮ್‌ಶೈರ್ ಕಟ್ಲರ್ಸ್ ಕಂಪನಿ 1624ರಲ್ಲೇ ಕಾನೂನಿನ ಮನ್ನಣೆ ಪಡೆದಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಪೂರ್ತಿಯಾಗಿ ಕರಗಿಸುವ ವಿಧಾನ ಕಂಡುಕೊಂಡ. ಅವನು ಗಡಿಯಾರ ತಯಾರಕ. ಗಡಿಯಾರದ ಸ್ಪ್ರಿಂಗಿಗೆ ಒಂದೇ ಹದದ ಉಕ್ಕು ಬೇಕೆಂದು ಹೊರಟವನ ಉಕ್ಕು ಚಾಕಿನ ಅಲಗಿಗೂ ಸ್ಪ್ರಿಂಗಿಗೂ ಒದಗಿತು. ಊರಿನ ಚಾಕು ತಯಾರಕರು ಅದು ಬಡಿಯಲು ತೀರ ಗಡುಸು ಎಂದು ಮೊದಲು ಒಪ್ಪಲಿಲ್ಲ. ಫ್ರಾನ್ಸ್‌ನವರು ಅದನ್ನು ಕೊಂಡು ಒಳ್ಳೆಯ ಚಾಕು ಮಾಡತೊಡಗಿದ ಮೇಲೆ ಶೆಫೀಲ್ಡ್ ಕೂಡ ದಾರಿಗೆ ಬಂತು.

19ನೆಯ ಶತಮಾನದ ಶೆಫೀಲ್ಡ್‌ನಲ್ಲಿ ಬಾಡಿಗೆಯ ಪುಟ್ಟ ಕೋಣೆಯಲ್ಲಿ ಸ್ವಂತವಾಗಿ ದುಡಿಯುವ ಕುಶಲಿಗಳನ್ನು 'ಲಿಟಲ್ ಮೆಸ್ಟರ್' ಎನ್ನುತ್ತಿದ್ದರು. ದೊಡ್ಡ ಸಂಸ್ಥೆಗಳು ತಮ್ಮ ಸಾಮರ್ಥ್ಯ ತೋರಲು ಪ್ರದರ್ಶನದ ಚಾಕುಗಳನ್ನು ಮಾಡಿಸಿದವು. ಜೋಸೆಫ್ ರೋಜರ್ಸ್ ಅಂಡ್ ಸನ್ಸ್ 1822ರಲ್ಲಿ 1822 ಅಲಗುಗಳ 'ಇಯರ್ ನೈಫ್' ತಯಾರಿಸಿತು. ಅದೇ ಸಂಸ್ಥೆಯ 75 ಅಲಗು ಮತ್ತು ಉಪಕರಣಗಳ 'ನಾರ್ಫೋಕ್ ನೈಫ್' 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಜನರನ್ನು ಸೆಳೆಯಿತು. ಈ ಪರಂಪರೆಯ ಕೊನೆಯ ಹೆಸರಾಂತ ಕುಶಲಿ ಸ್ಟಾನ್ ಶಾ (1926-2021) ಹದಿಹರೆಯದಲ್ಲಿ ಕಸುಬಿಗೆ ಸೇರಿ ಇಳಿವಯಸ್ಸಿನವರೆಗೂ ಕೈಯಿಂದಲೇ ಜೇಬುಚಾಕು ಮಾಡಿದರು. 2017ರಲ್ಲಿ ಅವರಿಗೆ ಬ್ರಿಟಿಷ್ ಎಂಪೈರ್ ಪದಕ ದೊರೆಯಿತು.

ಪ್ರಾದೇಶಿಕ ಮಾದರಿಗಳು

ಫ್ರಾನ್ಸ್‌ನ ಅವೆರೋನ್ ಪ್ರಾಂತದ ಲಾಯೊಲ್ ಗ್ರಾಮದ ಚಾಕು 19ನೆಯ ಶತಮಾನದ ಮೊದಲ ಭಾಗದಲ್ಲಿ ರೂಪುಗೊಂಡಿತು. ತೆಳುವಾಗಿ ಬಾಗಿದ ಹಿಡಿ, ಸ್ಪ್ರಿಂಗಿನ ತುದಿಯಲ್ಲಿ ಜೇನುನೊಣದ ಆಕೃತಿ, ಸ್ಪ್ರಿಂಗಿನ ಬೆನ್ನಿಗೆ ಅರದಿಂದ ಕೊರೆದ ಕೆತ್ತನೆ ಇದರ ಗುರುತುಗಳು. ಸವೊಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಸರಳತೆಗೆ ಹೆಸರಾದದ್ದು: ದುಂಡನೆಯ ಮರದ ಹಿಡಿ, ಒಂದು ಅಲಗು, ಒಂದು ಕೀಲು. ಅಲಗನ್ನು ಭದ್ರವಾಗಿ ನಿಲ್ಲಿಸುವ ತಿರುಗುಬಳೆ 1955ರಲ್ಲಿ ಸೇರಿತು. ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದ ಕಾರ್ಲ್ ಎಲ್ಸೆನರ್, 1897ರಲ್ಲಿ ಅಧಿಕಾರಿಗಳ ಚಾಕನ್ನು ನೋಂದಾಯಿಸಿದರು. ಒಂದೇ ಸ್ಪ್ರಿಂಗ್ ಎರಡು ಕಡೆಯ ಉಪಕರಣಗಳನ್ನೂ ಹಿಡಿದಿಡುವಂತೆ ಮಾಡಿದ್ದು ಅದರ ಜಾಣ್ಮೆ. ಇಂದಿನ ವಿಕ್ಟೋರಿನಾಕ್ಸ್ ಇದೇ ಸಂಸ್ಥೆ.

ಸ್ಪೇನಿನ ಆಲ್ಬಸೆಟೆ ನವಾಹಾ ಎಂಬ ಉದ್ದ ಅಲಗಿನ ಚಾಕಿಗೂ, ಇಟಲಿಯ ಮಾನ್ಯಾಗೊ ಮತ್ತು ಸ್ಕಾರ್ಪೆರಿಯಾ ಹಲವು ಬಗೆಯ ಚಾಕುಗಳಿಗೂ ಪ್ರಸಿದ್ಧ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ 1890ರ ದಶಕದಿಂದ ತಯಾರಾಗುತ್ತಿದೆ. ಮಡಿಸಿದ ಲೋಹದ ತಗಡೇ ಅದರ ಹಿಡಿ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಅಲಗಿನ ಬುಡದಿಂದ ಹೊರಚಾಚಿದ ಕಿರುಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಳಸಬೇಕು. ಒಂದು ಕಾಲಕ್ಕೆ ಅಲ್ಲಿನ ಶಾಲಾ ಮಕ್ಕಳು ಪೆನ್ಸಿಲ್ ಹೆರೆಯಲು ಇದನ್ನೇ ಒಯ್ಯುತ್ತಿದ್ದರು.

ಎರಡನೆಯ ಮಹಾಯುದ್ಧದ ನಂತರ ಕಸ್ಟಮ್ ಚಾಕಿನ ಕೇಂದ್ರ ಅಮೆರಿಕಕ್ಕೆ ಸರಿಯಿತು. 1970ರಲ್ಲಿ ನೈಫ್‌ಮೇಕರ್ಸ್ ಗಿಲ್ಡ್, 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಹುಟ್ಟಿಕೊಂಡವು. ಒಬ್ಬ ಕುಶಲಿಯ ಹೆಸರನ್ನು ನೋಡಿ ಚಾಕು ಕೊಳ್ಳುವ, ಸರದಿಗಾಗಿ ವರ್ಷಗಟ್ಟಲೆ ಕಾಯುವ ಸಂಗ್ರಾಹಕ ವರ್ಗ ಬೆಳೆದದ್ದು ಈ ಕಾಲದಲ್ಲಿ.

ಭಾಗಗಳು ಮತ್ತು ತಡೆಯುವ ವಿಧಾನಗಳು

ಮಡಚುವ ಚಾಕಿನ ಮುಖ್ಯ ಭಾಗಗಳು ಅಲಗು, ಕೀಲು, ಒಳಪಟ್ಟಿಗಳು, ಸ್ಪ್ರಿಂಗ್ ಅಥವಾ ಲಾಕ್, ಪಕ್ಕೆಗಳು. ಅಲಗಿನ ಹರಿತವಿಲ್ಲದ ಬುಡದಲ್ಲಿ ಕೀಲಿನ ರಂಧ್ರವಿರುತ್ತದೆ. ಒಳಪಟ್ಟಿಗಳು ಹಿತ್ತಾಳೆ, ಉಕ್ಕು ಅಥವಾ ಟೈಟಾನಿಯಂನವು. ಅವುಗಳ ಹೊರಮೈಗೆ ಕೂರಿಸುವ ಮರ, ಕೊಂಬು, ಮೂಳೆಯ ತುಂಡುಗಳೇ ಪಕ್ಕೆಗಳು. ಕೀಲಿನ ಬಳಿ ಬಲಕ್ಕಾಗಿ ಕೂರಿಸುವ ಲೋಹದ ತುಂಡು ಬೋಲ್‌ಸ್ಟರ್. ಅಲಗಿನ ಮೈಮೇಲೆ ಉಗುರು ತಗುಲಿಸಿ ತೆರೆಯಲು ಸಣ್ಣ ಗೀರು ಇರುವುದುಂಟು.

ಅಲಗನ್ನು ತಡೆದು ನಿಲ್ಲಿಸುವ ವಿಧಾನಗಳಲ್ಲಿ ಸ್ಲಿಪ್‌ಜಾಯಿಂಟ್ ಸಾಂಪ್ರದಾಯಿಕವಾದದ್ದು. ಬೆನ್ನಿನ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಅದನ್ನು ಪೂರ್ತಿ ಬಂಧಿಸುವುದಿಲ್ಲ. ಸಾಕಷ್ಟು ಬಲ ಹಾಕಿದರೆ ಮಡಚಿಕೊಳ್ಳುತ್ತದೆ. ಲಾಕ್‌ಬ್ಯಾಕ್‌ನಲ್ಲಿ ಬೆನ್ನಿನ ಸರಳು ಏತದಂತೆ ನಡುವಿನ ಕೀಲಿನ ಮೇಲೆ ಆಡುತ್ತದೆ. ಅದರ ಮುಂತುದಿ ಅಲಗಿನ ಬುಡದ ಕಚ್ಚಿಗೆ ಇಳಿದು ಬಿಗಿಯುತ್ತದೆ, ಹಿಂತುದಿಯನ್ನು ಒತ್ತಿದರೆ ಬಿಡುತ್ತದೆ. 1964ರಲ್ಲಿ ಬಂದ ಬಕ್ 110 ಈ ಮಾದರಿಯನ್ನು ಮನೆಮಾತಾಗಿಸಿತು.

ಒಳಪಟ್ಟಿಯ ಒಂದು ಭಾಗವನ್ನೇ ಸೀಳಿ, ಬಾಗಿಸಿ, ಅಲಗು ತೆರೆದಾಗ ಅದರ ಬುಡದ ಹಿಂದೆ ಜಾರಿ ನಿಲ್ಲುವಂತೆ ಮಾಡಿದರೆ ಅದು ಲೈನರ್ ಲಾಕ್. ಇದರ ಸರಳ ರೂಪ ಎಲೆಕ್ಟ್ರಿಷಿಯನ್ನರ ಚಾಕುಗಳಲ್ಲಿ ಮೊದಲೇ ಇತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೆಲ್ ವಾಕರ್ ಇದಕ್ಕೆ ಅಲಗು ನಿಲ್ಲುವ ಗೂಟವನ್ನೂ, ಮುಚ್ಚಿದಾಗ ಅಲಗನ್ನು ಹಿಡಿದಿಡುವ ಕಿರುಗುಂಡನ್ನೂ ಸೇರಿಸಿ ಇಂದಿನ ರೂಪ ಕೊಟ್ಟರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ 1989ರಲ್ಲಿ ಅಮೆರಿಕದ ಇಡಾಹೊಗೆ ನೆಲೆ ಬದಲಿಸಿದ ಕ್ರಿಸ್ ರೀವ್, ಪ್ರತ್ಯೇಕ ಪಟ್ಟಿಯ ಬದಲು ಹಿಡಿಯ ದಪ್ಪ ಟೈಟಾನಿಯಂ ಪಕ್ಕೆಯನ್ನೇ ಸೀಳಿ ಲಾಕ್ ಮಾಡಿದರು. ಫ್ರೇಮ್ ಲಾಕ್ ಎಂದು ಹೆಸರಾದ ಈ ವಿಧಾನದ ಪ್ರಸಿದ್ಧ ಚಾಕು ಅವರ ಸೆಬೆಂಜಾ.

ಅಲಗಿನ ಉಕ್ಕು ಮತ್ತು ಹದ

ಅಲಗಿಗೆ ಬಳಸುವ ಉಕ್ಕುಗಳಲ್ಲಿ ಸಾದಾ ಇಂಗಾಲದ ಉಕ್ಕು ಮತ್ತು ತುಕ್ಕು ನಿರೋಧಕ ಉಕ್ಕು ಎಂದು ಎರಡು ದೊಡ್ಡ ಬಣಗಳಿವೆ. ಸುಮಾರು ಶೇ. 0.95 ಇಂಗಾಲವಿರುವ 1095 ಉಕ್ಕು ಬೇಗ ಸಾಣೆಗೆ ಒಗ್ಗುತ್ತದೆ. ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಕಪ್ಪಾಗುತ್ತದೆ. 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ತುಕ್ಕು ನಿರೋಧಕ ಉಕ್ಕನ್ನು ಮುಂದಿಟ್ಟ ಮೇಲೆ ಚಾಕಿನ ಲೋಕ ಬದಲಾಯಿತು. 2001ರಲ್ಲಿ ಬಂದ ಸಿಪಿಎಂ ಎಸ್30ವಿ ಚಾಕಿಗೆಂದೇ ರೂಪಿಸಿದ ಪುಡಿಲೋಹ ವಿಧಾನದ ಉಕ್ಕು. ಕರಗಿದ ಉಕ್ಕನ್ನು ಸಿಂಪಡಿಸಿ ಪುಡಿ ಮಾಡಿ, ಆ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆಯುವುದರಿಂದ ಒಳಗಿನ ಕಾರ್ಬೈಡ್ ಕಣಗಳು ಸಣ್ಣದಾಗಿ, ಎಲ್ಲೆಡೆ ಸಮವಾಗಿ ಹರಡಿರುತ್ತವೆ. ಸ್ವೀಡನ್ನಿನ ಆರ್‌ಡಬ್ಲ್ಯುಎಲ್-34 ಕೂಡ ಇದೇ ಜಾತಿಯದು. ಅದಕ್ಕೆ ಹೆಸರು ಬಂದದ್ದು ಅಮೆರಿಕದ ಹಿರಿಯ ಚಾಕು ಕುಶಲಿ ರಾಬರ್ಟ್ ಲವ್‌ಲೆಸ್ ಅವರಿಂದ.

ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ಮುಖ್ಯ. ಸಾದಾ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ತುಕ್ಕು ನಿರೋಧಕ ಉಕ್ಕುಗಳಿಗೆ 1000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಹೀಗೆ ಗಡುಸಾದ ಅಲಗು ಗಾಜಿನಷ್ಟು ಪೆಡಸು. ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಮುರಿಯದ ಗುಣ ತರುತ್ತಾರೆ. ಒಳ್ಳೆಯ ಜೇಬುಚಾಕಿನ ಅಲಗು ರಾಕ್‌ವೆಲ್ ಸಿ ಮಾನದಲ್ಲಿ ಸಾಮಾನ್ಯವಾಗಿ 58ರಿಂದ 62ರವರೆಗೆ ಗಡುಸಾಗಿರುತ್ತದೆ. ಅದೇ ಚಾಕಿನ ಸ್ಪ್ರಿಂಗನ್ನು ಇನ್ನೂ ಹೆಚ್ಚಿನ ಶಾಖದಲ್ಲಿ ಹದಗೊಳಿಸಿ 50ರ ಕೆಳಗೆ ಇಳಿಸುತ್ತಾರೆ. ಇಲ್ಲದಿದ್ದರೆ ಅದು ಬಾಗುವ ಬದಲು ಮುರಿದೀತು. ಒಂದೇ ಚಾಕಿನಲ್ಲಿ ಒಂದಕ್ಕೊಂದು ಉಜ್ಜುವ ಎರಡು ಉಕ್ಕಿನ ತುಂಡುಗಳಿಗೆ ಎರಡು ಹದ ಕೊಡುವುದು ಈ ಕಸುಬಿನ ಮೊದಲ ಪಾಠ.

ಬೇರೆ ಬೇರೆ ಉಕ್ಕುಗಳನ್ನು ಕುಲುಮೆಯಲ್ಲಿ ಬೆಸೆದು, ಮಡಿಸಿ, ತಿರುಚಿ ಮಾಡುವ ವಿನ್ಯಾಸದ ಉಕ್ಕಿಗೆ ಇಂದು ಡಮಾಸ್ಕಸ್ ಎಂಬ ಹೆಸರು ರೂಢಿಯಲ್ಲಿದೆ. 1973ರಲ್ಲಿ ಬಿಲ್ ಮೊರಾನ್ ಇಂಥ ಅಲಗುಗಳನ್ನು ಗಿಲ್ಡ್ ಪ್ರದರ್ಶನದಲ್ಲಿ ತೋರಿಸಿದ ಮೇಲೆ ಅಮೆರಿಕದಲ್ಲಿ ಈ ಕಲೆ ಮರುಹುಟ್ಟು ಪಡೆಯಿತು. 1095 ಮತ್ತು ನಿಕ್ಕಲ್ ಇರುವ 15ಎನ್20 ಉಕ್ಕುಗಳ ಪದರಗಳನ್ನು ಬೆಸೆದು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದಾಗ ಸಾದಾ ಉಕ್ಕು ಕಪ್ಪಾಗುತ್ತದೆ, ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ. ಅಲಗಿನ ಮೇಲೆ ಕಾಣುವ ಅಲೆಗಳು ಹೀಗೆ ಮೂಡಿದವು.

ಹಿಡಿ ಮತ್ತು ಅಲಂಕಾರ

ಹಿಡಿಗೆ ಎಬೊನಿ, ಮರುಭೂಮಿಯ ಐರನ್‌ವುಡ್, ಎಮ್ಮೆಯ ಕೊಂಬು, ಗೀರು ಕೆತ್ತಿದ ಮೂಳೆ, ಮುತ್ತಿನ ಚಿಪ್ಪು ಬಳಕೆಯಲ್ಲಿವೆ. ಬಟ್ಟೆ ಮತ್ತು ರಾಳ ಸೇರಿಸಿ ಒತ್ತಿದ ಮೈಕಾರ್ಟಾ, ಕಾರ್ಬನ್ ಫೈಬರ್‌ನಂಥ ಹೊಸ ವಸ್ತುಗಳು ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ. ಒಂದು ಕಾಲಕ್ಕೆ ಶೆಫೀಲ್ಡ್ ಮತ್ತು ಅಮೆರಿಕದ ತಯಾರಕರು ಭಾರತದ ಕಡವೆಯ ಕೊಂಬನ್ನು ಬಹಳ ಮೆಚ್ಚುತ್ತಿದ್ದರು. ಒಳಗೆ ತಿರುಳು ಕಡಿಮೆ, ಹೊರಮೈ ಉಬ್ಬುತಗ್ಗಿನದು, ಕೈಗೆ ಹಿಡಿತ ಚೆನ್ನು. ಭಾರತವು 1990ರ ದಶಕದ ಕೊನೆಯಲ್ಲಿ ಕೊಂಬಿನ ವ್ಯಾಪಾರ ಮತ್ತು ರಫ್ತನ್ನು ನಿಲ್ಲಿಸಿದ ಮೇಲೆ ಹಳೆಯ ದಾಸ್ತಾನಿನ ಬೆಲೆ ಏರಿತು. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿರುವುದರಿಂದ ಪಾಶ್ಚಾತ್ಯ ಕುಶಲಿಗಳು ನೆಲದಡಿ ಸಿಗುವ ಮ್ಯಾಮತ್ ದಂತದ ಕಡೆ ತಿರುಗಿದರು.

ಅಲಂಕಾರದಲ್ಲಿ ಅಲಗಿನ ಬೆನ್ನಿಗೆ ಅರದಿಂದ ಬಳ್ಳಿಯಂತೆ ಕೊರೆಯುವುದು, ಬೋಲ್‌ಸ್ಟರ್ ಮೇಲೆ ಉಳಿಯಿಂದ ಚಿತ್ರ ಕೆತ್ತುವುದು, ಚಿನ್ನ ತುಂಬುವುದು ಮುಖ್ಯ. ಟೈಟಾನಿಯಂನ ನೀಲಿ, ನೇರಳೆ, ಬಂಗಾರದ ಛಾಯೆಗಳಿಗೆ ಯಾವ ಬಣ್ಣವನ್ನೂ ಬಳಿದಿರುವುದಿಲ್ಲ. ದ್ರಾವಣದಲ್ಲಿ ವಿದ್ಯುತ್ ಹಾಯಿಸಿದಾಗ ಲೋಹದ ಮೇಲೆ ಪಾರದರ್ಶಕ ಆಕ್ಸೈಡ್ ಪೊರೆ ಕಟ್ಟುತ್ತದೆ. ವೋಲ್ಟೇಜ್ ಹೆಚ್ಚಿದಂತೆ ಪೊರೆ ದಪ್ಪವಾಗಿ, ಬೆಳಕು ಅದರಲ್ಲಿ ಪ್ರತಿಫಲಿಸುವ ರೀತಿಯಿಂದ ಬಣ್ಣ ಬದಲಾಗುತ್ತದೆ.

ಹಿಡಿಯ ಮೇಲೆ ಲೋಹದ ಪುಟ್ಟ ಗುರಾಣಿಯಾಕಾರದ ಬಿಲ್ಲೆ ಕೂರಿಸಲು ಶೆಫೀಲ್ಡ್‌ನವರು ಬಳಸುತ್ತಿದ್ದ ಸಾಧನ ನೋಡತಕ್ಕದ್ದು. ಎರಡು ಕಾಲಿನ, ಸ್ಪ್ರಿಂಗಿನಂತೆ ಅಗಲಿಕೊಳ್ಳುವ ಬೈರಿಗೆ ಅದು. ಎದೆಗೆ ಒಂದು ಫಲಕ ಕಟ್ಟಿಕೊಂಡು, ಬೈರಿಗೆಯ ಹಿಂತುದಿಯನ್ನು ಅದಕ್ಕೆ ಒತ್ತಿ, ಬಿಲ್ಲಿನ ದಾರದಿಂದ ಗರಗರನೆ ತಿರುಗಿಸುತ್ತಿದ್ದರು. ಹಿಡಿಯ ಮೇಲಿಟ್ಟ ಉಕ್ಕಿನ ಅಚ್ಚಿನ ಅಂಚನ್ನು ಬೈರಿಗೆಯ ಕಾಲುಗಳು ಒಳಗಿನಿಂದ ಸವರುತ್ತ ಹೋಗಿ, ಬಿಲ್ಲೆಯಷ್ಟೇ ಆಕಾರದ ಗುಳಿಯನ್ನು ಕೊರೆಯುತ್ತಿದ್ದವು. ಸ್ಟಾನ್ ಶಾ ಈ ಸಾಧನವನ್ನು ಕೊನೆಯವರೆಗೂ ಬಿಡಲಿಲ್ಲ.

ತಯಾರಿಕೆ

ಸ್ಲಿಪ್‌ಜಾಯಿಂಟ್ ಚಾಕಿನಲ್ಲಿ ಹೊರಗೆ ಕಾಣುವ ಭಾಗಗಳು ಬರೀ ಮೂರು ನಾಲ್ಕು. ಆದರೆ ಕುಶಲಿಗಳು ಇದನ್ನೇ ಕಠಿಣವೆಂದು ಗಣಿಸುತ್ತಾರೆ. ಸ್ಕ್ರೂ ತಿರುಗಿಸಿ ಸರಿಮಾಡುವ ಅವಕಾಶ ಇದರಲ್ಲಿಲ್ಲ. ಒಮ್ಮೆ ರಿವೆಟ್ ಬಡಿದರೆ ಮುಗಿಯಿತು.

ಅಲಗು, ಸ್ಪ್ರಿಂಗ್, ಒಳಪಟ್ಟಿಗಳನ್ನು ಅಚ್ಚಿನ ಪ್ರಕಾರ ಕತ್ತರಿಸಿ ರಂಧ್ರ ಕೊರೆದ ಮೇಲೆ ನಿಜವಾದ ಕೆಲಸ ಶುರು. ಅಲಗು ಪೂರ್ತಿ ತೆರೆದಾಗ, ಅರ್ಧ ಮಡಚಿದಾಗ, ಮುಚ್ಚಿದಾಗ, ಈ ಮೂರೂ ಸ್ಥಿತಿಗಳಲ್ಲಿ ಸ್ಪ್ರಿಂಗಿನ ಬೆನ್ನು ಒಳಪಟ್ಟಿಯ ಅಂಚಿಗೆ ಸಮನಾಗಿರಬೇಕು. ಇದನ್ನು ನೋಡಲು ಕುಶಲಿ ಅಲಗು ಮತ್ತು ಸ್ಪ್ರಿಂಗನ್ನು ಪೀಠದ ಗೂಟಗಳಿಗೆ ಸಿಕ್ಕಿಸಿ, ಸ್ಪ್ರಿಂಗಿನ ಬೆನ್ನಿಗೆ ಡಯಲ್ ಗೇಜಿನ ಮೊನೆ ತಾಗಿಸುತ್ತಾನೆ. ಅಲಗು ತೆರೆದಾಗ ಮುಳ್ಳನ್ನು ಸೊನ್ನೆಗೆ ನಿಲ್ಲಿಸಿ, ಅರ್ಧಕ್ಕೆ ತಂದು ನೋಡುತ್ತಾನೆ. ಮುಳ್ಳು ಒಂದೆರಡು ಗೆರೆ ಸರಿದಿದ್ದರೆ ಅಲಗಿನ ಬುಡದ ಆ ಮುಖವನ್ನು ಅರದಿಂದ ಒಂದೆರಡು ಸಲ ಸವರಿ ಮತ್ತೆ ಕೂರಿಸುತ್ತಾನೆ. ಗೇಜಿನ ಒಂದು ಗೆರೆ ಇಂಚಿನ ಸಾವಿರದ ಒಂದು ಭಾಗ, ಅಂದರೆ ಸುಮಾರು 0.025 ಮಿಲಿಮೀಟರ್. ಹೆಚ್ಚು ಸವರಿದರೆ ಲೋಹ ಮರಳಿ ಬರುವುದಿಲ್ಲ, ಅಲಗನ್ನೇ ಹೊಸದಾಗಿ ಮಾಡಬೇಕು. ಈ ಹೊಂದಾಣಿಕೆಯಾದ ನಂತರ ಹದ ಕೊಡುವುದು, ಸಾಣೆಗೆ ಹಿಡಿದು ತೆಳುಮಾಡುವುದು, ಮೆರುಗು.

ಬೋಲ್‌ಸ್ಟರಿನ ಕೀಲನ್ನು ಮರೆಮಾಡುವುದು ಕೊನೆಯ ಹಂತದ ಕೈಚಳಕ. ರಂಧ್ರದ ಹೊರಬಾಯನ್ನು ಕೊಂಚ ಅಗಲ ಮಾಡಿ, ಅದೇ ಲೋಹದ ಕಡ್ಡಿ ತೂರಿಸಿ, ಅದರ ತಲೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಕಡ್ಡಿ ಹರಡಿ ಅಗಲವನ್ನು ತುಂಬುತ್ತದೆ. ಉಬ್ಬನ್ನು ಉಜ್ಜಿ ಮೆರುಗು ಕೊಟ್ಟರೆ ಕೀಲು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಒಂದೇಟು ಹೆಚ್ಚಾದರೆ ಅಲಗು ಬಿಗಿದು ನಿಲ್ಲುತ್ತದೆ, ಕಡಿಮೆಯಾದರೆ ಅಲುಗಾಡುತ್ತದೆ.

ಕೆಲಸಗಾರಿಕೆಯ ಪರೀಕ್ಷೆ

ಕಸ್ಟಮ್ ಚಾಕನ್ನು ಕೈಗೆತ್ತಿಕೊಂಡವರು ನೋಡಬೇಕಾದ ಅಂಶಗಳು ಹೀಗಿವೆ. ಮೊದಲು ಚಾಕನ್ನು ಮುಚ್ಚಿ ಬೆಳಕಿಗೆ ಹಿಡಿಯಬೇಕು. ಸ್ಪ್ರಿಂಗ್ ಮತ್ತು ಒಳಪಟ್ಟಿಯ ನಡುವೆ ಬೆಳಕು ತೂರಬಾರದು. ಅಲಗು ಸಂದಿಯ ನಡುಮಧ್ಯದಲ್ಲಿ ಕೂತಿರಬೇಕು, ಯಾವ ಪಕ್ಕಕ್ಕೂ ಒರಗಬಾರದು. ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿದರೆ ಅಲ್ಲಿ ಹಲ್ಲು ಬೀಳುತ್ತದೆ. ಅದನ್ನು ತಡೆಯುವ ಬುಡದ ಉಬ್ಬು ಸರಿಯಿದೆಯೇ ನೋಡಬೇಕು. ಆಮೇಲೆ ಕಣ್ಣು ಮುಚ್ಚಿ ಬೆನ್ನಿನ ಮೇಲೆ ಬೆರಳು ಎಳೆಯಬೇಕು. ಲೋಹ, ಕೊಂಬು, ಲೋಹ ಎಂಬ ಬದಲಾವಣೆ ತಂಪಿನಿಂದ ಗೊತ್ತಾಗಬೇಕೇ ಹೊರತು ಏರುತಗ್ಗಿನಿಂದಲ್ಲ.

ತೆರೆಯುವಾಗ ಸ್ಪ್ರಿಂಗಿನ ಒತ್ತಡ ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿ ಬರಬೇಕು. ಕೊನೆಯಲ್ಲಿ ಅಲಗು ಟಕ್ಕನೆ ನಿಲ್ಲಬೇಕು. ಒಳ್ಳೆಯ ಚಾಕಿನಲ್ಲಿ ಈ ಸದ್ದು ಚುರುಕು, ಕಳಪೆಯದರಲ್ಲಿ ಮಂದ. ತೆರೆದ ಅಲಗಿನ ತುದಿಯನ್ನು ಹಿಡಿದು ಪಕ್ಕಕ್ಕೂ ಮೇಲಕ್ಕೂ ನಿಧಾನವಾಗಿ ಒತ್ತಿದರೆ ಕೀಲು ಅಲುಗಬಾರದು. ಲೈನರ್ ಅಥವಾ ಫ್ರೇಮ್ ಲಾಕ್ ಆದರೆ ಪಟ್ಟಿಯ ತುದಿ ಅಲಗಿನ ಬುಡವನ್ನು ಎಷ್ಟು ಆವರಿಸಿದೆ ಎಂದು ಗಮನಿಸಬೇಕು. ಅಂಚಿನಲ್ಲಿ ಮಾತ್ರ ತಾಗಿದ್ದರೆ ಜಾರುವ ಭಯ. ಪೂರ್ತಿ ಆಚೆ ಬದಿಗೆ ಹೋಗಿದ್ದರೆ ಸವೆತಕ್ಕೆ ಜಾಗ ಉಳಿದಿಲ್ಲ ಎಂದರ್ಥ. ಅಲಗಿನ ಎರಡೂ ಮೈಯ ಇಳಿಜಾರು ಬುಡದಲ್ಲಿ ಒಂದೇ ಗೆರೆಯಲ್ಲಿ ನಿಲ್ಲುವುದು ಸಾಣೆಯ ಮೇಲೆ ಕೈ ಪಳಗಿದ್ದಕ್ಕೆ ಸಾಕ್ಷಿ. ಕೆತ್ತನೆ, ಚಿನ್ನ, ಡಮಾಸ್ಕಸ್‌ಗಳನ್ನು ಎಣಿಸಬೇಕಾದದ್ದು ಇದೆಲ್ಲ ಸರಿಯಿದೆ ಎಂದಾದ ಮೇಲೆಯೇ.

ಭಾರತ ಮತ್ತು ಕರ್ನಾಟಕ

ಭಾರತದ ಮಡಚುವ ಚಾಕುಗಳಲ್ಲಿ ಉತ್ತರ ಪ್ರದೇಶದ ರಾಂಪುರದ್ದು ಹೆಸರಾದದ್ದು. ನವಾಬರ ಕಾಲದಲ್ಲಿ ಬೆಳೆದ ಈ ಕಸುಬಿಗೆ ಹಿಂದಿ ಚಲನಚಿತ್ರಗಳು ಕುಖ್ಯಾತಿ ತಂದವು. ಅಲಗಿನ ಉದ್ದದ ಮೇಲಿನ ನಿರ್ಬಂಧ ಮತ್ತು ಅಗ್ಗದ ಚಾಕುಗಳ ಪೈಪೋಟಿಯಿಂದ ಕುಶಲಿಗಳು ಕಡಿಮೆಯಾದರು. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಬೃಹತ್ ಚಾಕಿನ ಪ್ರತಿಕೃತಿಯನ್ನು ನಿಲ್ಲಿಸಲಾಯಿತು.

ಕರ್ನಾಟಕದ ಕಮ್ಮಾರಿಕೆ ಹೆಚ್ಚಾಗಿ ಮಡಚದ ಅಲಗುಗಳದ್ದು: ಕುಡುಗೋಲು, ಮಚ್ಚು, ಈಳಿಗೆಮಣೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ. ಕೊಡವರು ಸೊಂಟದ ಚೇಲೆಗೆ ಸಿಕ್ಕಿಸುವ, ಬೆಳ್ಳಿ ಕೆಲಸದ ಪೀಚೆಕತ್ತಿಯೂ ಒರೆಯಲ್ಲಿಡುವ ಚಾಕೇ. ಒಂದೇ ರಿವೆಟ್ಟಿನ ಮೇಲೆ ಎರಡು ತೋಳು ಆಡುವ ಅಡಕತ್ತರಿ ಮಾತ್ರ ರಚನೆಯಲ್ಲಿ ಮಡಚುವ ಚಾಕಿಗೆ ಹತ್ತಿರ. ಅದರಲ್ಲೂ ರಿವೆಟ್ಟಿನ ಬಿಗಿಯೇ ಕೆಲಸದ ಗುಟ್ಟು.

ಚಾಕಿನ ಉಕ್ಕಿನ ಇತಿಹಾಸದಲ್ಲಿ ಈ ನಾಡಿನ ಪಾಲು ದೊಡ್ಡದು. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಶತಮಾನಗಳಿಂದ ಇತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಅವಶೇಷಗಳು ಸಿಕ್ಕಿವೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ತಯಾರಿಕೆಯನ್ನೂ ಚನ್ನಪಟ್ಟಣದ ವಾದ್ಯತಂತಿಯನ್ನೂ ವಿವರಿಸಿದ್ದಾನೆ. ಯುರೋಪಿನಲ್ಲಿ ವೂಟ್ಸ್ ಎಂದು ಹೆಸರಾದ ಈ ಉಕ್ಕಿನ ಮೇಲೆ ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಹಾಗೂ ವಿಜ್ಞಾನಿ ಮೈಕೆಲ್ ಫ್ಯಾರಡೆ 1820ರ ಸುಮಾರಿನಲ್ಲಿ ಜೊತೆಯಾಗಿ ಪ್ರಯೋಗ ನಡೆಸಿದರು. 20ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್ಹೊವೆನ್ ಮತ್ತು ಕುಶಲಿ ಆಲ್ ಪೆಂಡ್ರೆ, ವೂಟ್ಸ್ ಉಕ್ಕಿನಲ್ಲಿರುವ ಅತ್ಯಲ್ಪ ವನೇಡಿಯಂನಂಥ ಕಲಬೆರಕೆಯೇ ಅದರ ಅಲಗಿನ ಮೈಮೇಲೆ ಮೂಡುವ ಅಲೆಗಳಿಗೆ ಕಾರಣವೆಂದು ತೋರಿಸಿದರು.

ಪಾಲನೆ ಮತ್ತು ಕಾನೂನು

ಬಳಸಿದ ಮೇಲೆ ಅಲಗನ್ನು ಒರೆಸಿ ಒಣಗಿಸಬೇಕು. ಕೀಲಿಗೆ ಆಗಾಗ ಒಂದು ತೊಟ್ಟು ತೆಳು ಎಣ್ಣೆ ಸಾಕು, ಹೆಚ್ಚಾದರೆ ಧೂಳು ಕೂರುತ್ತದೆ. ಸಾಣೆಕಲ್ಲಿನ ಮೇಲೆ ಪ್ರತಿ ಪಕ್ಕಕ್ಕೆ 15ರಿಂದ 20 ಡಿಗ್ರಿ ಕೋನ ಹಿಡಿದು ಹರಿತ ಮಾಡುವುದು ರೂಢಿ. ಚಾಕನ್ನು ಸನ್ನೆಗೋಲಿನಂತೆ ಮೀಟಲು ಬಳಸಬಾರದು.

ಭಾರತದ ಶಸ್ತ್ರಾಸ್ತ್ರ ನಿಯಮಗಳು, 2016ರ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಆಯುಧಗಳ ಪಟ್ಟಿಗೆ ಸೇರುತ್ತವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಮಡಚುವ ಚಾಕು ಎಷ್ಟೇ ಚಿಕ್ಕದಿದ್ದರೂ ವಿಮಾನದ ಕೈಚೀಲದಲ್ಲಿ ಒಯ್ಯದೆ ತಪಾಸಣೆಗೆ ಒಪ್ಪಿಸುವ ಸಾಮಾನಿನಲ್ಲಿ ಇಡುವುದು ಕ್ಷೇಮ.